ಚೆನ್ನಾಗಿದೆ ಎನ್ನಬಾರದ ನೀರು

"ಅಂಕಿ ಬೇಕಾದಷ್ಟು ಹೇಳಿ ಮೇಡಂ. ಕ್ಲೋರಿನ್ ಎಷ್ಟು, ಗಡಸು ಎಷ್ಟು, ಕಬ್ಬಿಣ ಎಷ್ಟು, ಎಲ್ಲಾ ಹೇಳಿ. ಆದ್ರೆ ನೀರು ಚೆನ್ನಾಗಿದೆ ಅಂತ ಮಾತ್ರ ಬಾಯಿಬಿಟ್ಟು ಹೇಳ್ಬೇಡಿ. ಈ ಊರಲ್ಲಿ ಆ ಮಾತು ಆಡಬಾರ್ದು."

ನೀರು ಸರಬರಾಜು ಕಚೇರಿಯ ಮೇಲ್ವಿಚಾರಕರು ಹೀಗೆಂದಾಗ ಅವರ ದನಿ ಪಿಸುಮಾತಿಗಿಂತ ತುಸುವೇ ಮೇಲಿತ್ತು. ತುಂಬಿದ ಮೈಯ, ಹೊಳೆಯುವ ಬೂಟಿನ, ತಮ್ಮ ಪದವಿಗಳನ್ನು ಬಾಗಿಲ ಫಲಕದ ಮೇಲೆ ಕೆತ್ತಿಸಿಕೊಂಡಿದ್ದ ಮನುಷ್ಯ. ಇಂಥವರ ಬಾಯಲ್ಲಿ ಇಂಥ ಮಾತೇ ಎಂದು, ಹೊಸದಾಗಿ ವರ್ಗವಾಗಿ ಬಂದಿದ್ದ ನೀರಿನ ಪರೀಕ್ಷಕಿಗೆ ನಗು ತಡೆಯಲಾಗಲಿಲ್ಲ.

"ಯಾಕೆ ಸರ್? ಹೊಗಳಿದ್ರೆ ನೀರಿಗೆ ಜಂಬ ಬರುತ್ತಾ?"

"ನಗಿ, ನಗೋದಕ್ಕೆ ಅಡ್ಡಿಯಿಲ್ಲ. ನಿಮಗಿಂತ ಮುಂಚೆ ಇದ್ದೋರೂ ನಕ್ಕಿದ್ರು."

"ಅವರೀಗ ಎಲ್ಲಿದಾರೆ?"

ಮೇಲ್ವಿಚಾರಕರು ಮೇಜಿನ ಮೇಲಿದ್ದ ತಮ್ಮ ಲೋಟದ ಬಾಯಿಗೆ, ಅದಕ್ಕೆ ಕಿವಿಯೂ ಇದೆಯೇನೋ ಎಂಬಂತೆ, ಮೆಲ್ಲಗೆ ಮುಚ್ಚಳ ಮುಚ್ಚಿದರು.

ಆ ಊರಿನವರ ಮಾತಿನ ಚಾಳಿ ಅವಳಿಗೆ ಬೇಗನೆ ಅರ್ಥವಾಯಿತು. ನೀರು ಹೇಗಿದೆಯೆಂದು ಯಾರನ್ನು ಕೇಳಿದರೂ "ಬರ್ತಾ ಇದೆ" ಎನ್ನುತ್ತಿದ್ದರು. ರುಚಿ ಹೇಗಿದೆಯೆಂದರೂ ಬರ್ತಾ ಇದೆ. ವಾಸನೆ ಏನಾದರೂ ಇದೆಯೇ ಎಂದರೂ ಬರ್ತಾ ಇದೆ. ಅವಳ ಗಂಡ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವನು, ಮನೆಯಲ್ಲೇ ಕುಳಿತು ದುಡಿಯುವವನು, ಸ್ವಭಾವದಲ್ಲಿ ಕುಚೇಷ್ಟೆಯವನು. ಸಂಜೆ ಅವಳು ಬಾಗಿಲು ತಟ್ಟಿದರೆ ಒಳಗಿನಿಂದ "ಬರ್ತಾ ಇದೆ" ಎಂದು ಕೂಗಿ, ಮಗಳೊಡನೆ ಬಿದ್ದು ಬಿದ್ದು ನಗುತ್ತಿದ್ದ.

ಮಗಳನ್ನು ಎಲ್ಲರೂ ಕರೆಯುತ್ತಿದ್ದುದು ಗುಬ್ಬಿ ಎಂದು. ಆರು ತುಂಬಿದ್ದರೂ ನೀರು ಕುಡಿಯುವುದು ಗುಬ್ಬಿಯಷ್ಟೇ. ಲೋಟದ ಅಂಚಿಗೆ ತುಟಿ ತಾಗಿಸಿ, ಕೊಕ್ಕಿನಲ್ಲಿ ಹೀರಿದಂತೆ ಒಂದು ಹನಿ ಹೀರಿ, ಸಾಕಮ್ಮಾ ಎಂದು ಓಡಿಹೋಗುತ್ತಿದ್ದಳು. ಊರಿಗೆಲ್ಲ ನೀರಿನ ಬುದ್ಧಿ ಹೇಳುವವಳ ಮಗಳಿಗೇ ನೀರೆಂದರೆ ಆಗದು ಎಂಬುದು ಆ ಮನೆಯ ಹಳೆಯ ತಮಾಷೆ.

ಬಾಡಿಗೆಗೆ ಹಿಡಿದ ಮನೆಯನ್ನು ಪರೀಕ್ಷಕಿ ತನ್ನ ಪ್ರಯೋಗಾಲಯದಂತೆಯೇ ಸಜ್ಜುಗೊಳಿಸಿದಳು. ಮಾಡಿನ ಮೇಲಿನ ತೊಟ್ಟಿಯನ್ನು ತಿಕ್ಕಿ ತೊಳೆಸಿ ಅದರ ಕಿಂಡಿಗೆ ಸಣ್ಣ ಕಣ್ಣಿನ ಬಲೆ ಬಿಗಿಸಿದಳು. ಅಡುಗೆಮನೆಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಅದರ ನೆಲದಡಿಯಲ್ಲಿ ನೀರು ಸಂಗ್ರಹಿಸುವ ಆಳವಾದ ಸಂಪು. ಮಗು ಇರುವ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯ ಯಾವುದಿದೆ? ಸಂಪಿನ ಕಬ್ಬಿಣದ ಮುಚ್ಚಳಕ್ಕೆ ಬೀಗ ಜಡಿದು, ಬೀಗದ ಕೈಯನ್ನು ತನ್ನ ಕೈಚೀಲದಲ್ಲೇ ಇಟ್ಟುಕೊಂಡಳು. ಇನ್ನು ಈ ಮನೆಯೊಳಗೆ ಕೆಡುಕು ನುಸುಳಲು ಸೂಜಿ ಮೊನೆಯಷ್ಟೂ ಸಂದಿಲ್ಲವೆಂದು ಅವಳಿಗೆ ಹೆಮ್ಮೆ.

ಹೀಗಿರುವಾಗ ಮುಖ್ಯ ಕೊಳವೆ ಒಡೆದು, ದುರಸ್ತಿಯಾದ ಮೇಲೂ ನಲ್ಲಿಗಳಲ್ಲಿ ಕೆಂಪು ನೀರು ಬಂತು. ಅದು ತುಕ್ಕು; ಸ್ವಲ್ಪ ಹೊತ್ತು ಹರಿಯಬಿಟ್ಟರೆ ತಿಳಿಯಾಗುವಂಥದು. ಆದರೆ ಜನ ಬೆದರಿದರು. ಪೇಟೆಯ ನಡುವಿನ ಸಾರ್ವಜನಿಕ ನಲ್ಲಿಯ ಸುತ್ತ ಬಿಂದಿಗೆ, ಬಕೆಟ್ಟು, ಬೈಗುಳ ಎಲ್ಲವೂ ಒಟ್ಟಾದವು. ಪರೀಕ್ಷಕಿ ತನ್ನ ಪೆಟ್ಟಿಗೆ ಹಿಡಿದು ಬಂದಳು. ಮೊದಲು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ನಲ್ಲಿಯ ಬಾಯಿ ಒರೆಸಿ, ಅದಕ್ಕೆ ಬೆಂಕಿ ಹಿಡಿದು ಸುಟ್ಟಳು. ಹೊರಗಿನ ಕೊಳೆ ಮಾದರಿಗೆ ಸೇರದಿರಲೆಂದು ಪರೀಕ್ಷಕರು ಎಲ್ಲೆಲ್ಲೂ ಹೀಗೆಯೇ ಮಾಡುತ್ತಾರೆ. ಬಳಿಕ ಒಂದಿಷ್ಟು ನೀರು ಹರಿಯಬಿಟ್ಟು, ಗಾಜಿನ ಲೋಟ ತುಂಬಿ, ಔಷಧದ ಹನಿ ಬಿಟ್ಟು ಬಣ್ಣ ನೋಡಿದಳು. ಎಲ್ಲ ಸರಿಯಿತ್ತು. ಇನ್ನೊಂದು ಲೋಟ ತುಂಬಿ, ಬಿಸಿಲಿಗೆ ಎತ್ತಿ ಹಿಡಿದು, ಎಲ್ಲರೆದುರು ಗಟಗಟನೆ ಕುಡಿದಳು.

"ಅಷ್ಟಕ್ಕೆಲ್ಲಾ ಗಾಬರಿ ಯಾಕ್ರೀ? ನೀರು ಚೆನ್ನಾಗಿದೆ!"

ಗದ್ದಲ ಕತ್ತರಿಸಿದಂತೆ ನಿಂತಿತು. ಒಬ್ಬಳು ತನ್ನ ಕೂಸಿನ ಕಿವಿಗಳನ್ನು ಅಂಗೈಯಿಂದ ಮುಚ್ಚಿದಳು. ತುಂಬಿದ ಬಿಂದಿಗೆಗಳನ್ನು ಅಲ್ಲೇ ಬೋರಲು ಹಾಕಿ ಜನ ಒಬ್ಬೊಬ್ಬರಾಗಿ, ಬೆನ್ನು ತೋರದೆ ಹಿಂದೆ ಹಿಂದೆ ಸರಿದರು. ಉಳಿದವಳು ಒಬ್ಬಳೇ. ಎದುರಿನ ನೂಲಿನ ಅಂಗಡಿಯ ಮುದುಕಿ. ಊರವರ ಬಾಯಲ್ಲಿ ನೂಲಜ್ಜಿ. ಅಂಗಡಿಯ ಮೆಟ್ಟಿಲಿಳಿದು ಬಂದ ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಇನ್ನೊಂದ್ಸಲ ಹೇಳಮ್ಮ."

"ನೀರು ಚೆನ್ನಾಗಿದೆ ಅಜ್ಜಿ. ಧೈರ್ಯವಾಗಿ ಕುಡೀರಿ."

"ಮನೇಲಿ ಮಗು ಇದೆಯಾ?"

"ಇದಾಳೆ, ಮಗಳು. ಯಾಕೆ?"

"ಹಾಗಾದ್ರೆ ಬರ್ತಾನೆ," ಎಂದಳು ನೂಲಜ್ಜಿ. ದೂರದ ಊರಿನಿಂದ ಮಗ ಬರುವ ಸುದ್ದಿ ಕೇಳಿದವಳಂತೆ ಅಂಗಡಿಯೊಳಕ್ಕೆ ಆತುರಾತುರವಾಗಿ ಹೊರಟುಹೋದಳು.

ಅಂದು ಮನೆಗೆ ಬಂದಾಗ ಗುಬ್ಬಿ ಅಡುಗೆಮನೆಯ ನಲ್ಲಿಯ ಬಳಿ ನಿಂತು ಲೋಟ ತುಂಬ ನೀರು ಕುಡಿಯುತ್ತಿದ್ದಳು. "ನೋಡು, ನಿನ್ನ ಮಗಳಿಗೆ ಬುದ್ಧಿ ಬಂತು," ಎಂದ ಗಂಡ. ಅವಳೂ ನಕ್ಕಳು. ಗುಬ್ಬಿ ಇನ್ನೊಂದು ಲೋಟ ತುಂಬಿಸಿಕೊಂಡಳು. ಮತ್ತೊಂದು. ನಗು ಅಲ್ಲಿಗೆ ನಿಂತಿತು. ಮಗು ಕುಡಿಯುತ್ತಿದ್ದ ರೀತಿಯೇ ಬೇರೆ. ಕಣ್ಣು ಮುಚ್ಚಿ, ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿ, ಉಸಿರಿಗೂ ಬಿಡುವು ಕೊಡದೆ. ಅವಳ ಗಂಟಲಿನಲ್ಲಿ ಒಂದು ಗುಟುಕು ಇಳಿದಾಗ ಗೋಡೆಯೊಳಗಿನ ಕೊಳವೆಯಲ್ಲೂ ಒಂದು ಗುಟುಕು ಇಳಿಯುತ್ತಿತ್ತು.

"ಸಾಕು ಪುಟ್ಟಾ."

"ಇನ್ನೂ ಬಾಯಾರಿಕೆ," ಎಂದಳು ಗುಬ್ಬಿ.

ಮರುದಿನಕ್ಕೆ ಮಗುವಿನ ಮುಖ ಊದಿತು. ಹೊಟ್ಟೆ ಬಿಗಿದು ತಮಟೆಯಂತಾಯಿತು. ಮನೆಯೊಳಗೆ ಎಲ್ಲಿಂದಲೋ ಒಂದು ವಾಸನೆ: ಒದ್ದೆ ಕಂಬಳಿ, ಹಳೆಯ ಔಷಧ, ಸುಟ್ಟ ಕೂದಲು. ವೈದ್ಯರು ರಕ್ತ ಪರೀಕ್ಷಿಸಿದರು, ತಲೆಯಾಡಿಸಿದರು. ಕಾಯಿಲೆ ಏನೂ ಕಾಣುತ್ತಿರಲಿಲ್ಲ. "ನೀರು ನಿಲ್ಲಿಸಿ. ಮೈಯಲ್ಲಿರೋ ಉಪ್ಪೆಲ್ಲಾ ಕರಗಿ ಹೋಗ್ತಿದೆ. ಹೀಗೇ ಕುಡಿದ್ರೆ ಮಗು ಉಳಿಯೋಲ್ಲ. ನಾನು ಸುತ್ತಿ ಬಳಸಿ ಹೇಳೋನಲ್ಲ," ಎಂದರು. ಅವರ ಆಸ್ಪತ್ರೆಯಲ್ಲೇ ಮಲಗಿಸಿದರೆ, ಗುಬ್ಬಿ ಮಲಗಿದ ಕೋಣೆಯ ಕೈತೊಳೆಯುವ ನಲ್ಲಿ ತಾನಾಗಿ ತೆರೆದುಕೊಂಡಿತು. ದಾದಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಯಾರೂ ಆ ಕೋಣೆಗೆ ಬರಲಿಲ್ಲ. ಮಗುವನ್ನು ಎತ್ತಿಕೊಂಡು ಮನೆಗೆ ಬರದೆ ಬೇರೆ ದಾರಿ ಉಳಿಯಲಿಲ್ಲ.

ಕೊಳವೆಯ ತಿರುಪು ಬಿಗಿದರು. ಮಾಡಿನ ತೊಟ್ಟಿ ಬರಿದು ಮಾಡಿದರು. ಸಂಪಿಗಂತೂ ಬೀಗವಿತ್ತು. ಹೂಜಿ, ಬಾಟಲಿ, ಕೊನೆಗೆ ಗಂಡನ ಕುಂಚ ತೊಳೆಯುವ ಬಟ್ಟಲು, ಎಲ್ಲವನ್ನೂ ಬೀದಿಗೆ ಚೆಲ್ಲಿದರು. ಗುಬ್ಬಿ ಅಡುಗೆಮನೆಗೆ ತೆವಳಿ, ಒಣಗಿದ ನಲ್ಲಿಯ ಕೆಳಗೆ ಬಾಯಿ ತೆರೆದು ನಿಂತಳು. ನಲ್ಲಿ ಒಮ್ಮೆ ಕೆಮ್ಮಿತು. ನೀರು ಬಂತು.

"ಅಮ್ಮಾ, ಬೈಬೇಡ," ಎಂದಳು ಗುಬ್ಬಿ. ದನಿ ಅವಳದಲ್ಲ. ಒಡಕಲು, ಒಣಗಿದ, ಯಾವನೋ ಹುಡುಗನ ದನಿ. "ಚೆನ್ನಾಗಿದೆ ಅಂತ ನೀನೇ ಅಂದ್ಯಲ್ಲ."

ಗಂಡ ಮಗುವನ್ನು ಎಳೆದು ಅಪ್ಪಿಕೊಂಡ. ಪರೀಕ್ಷಕಿ ಉಪಕರಣದ ಪೆಟ್ಟಿಗೆ ತೆರೆದಳು. ಅವಳ ಬುದ್ಧಿ ಇನ್ನೂ ಒಂದು ದೋಷವನ್ನು, ಒಂದು ಸೋರಿಕೆಯನ್ನು ಹುಡುಕುತ್ತಿತ್ತು. ನಲ್ಲಿಯನ್ನು ತಿರುಗಿಸಿ ಕೊಳವೆಯಿಂದ ಕಳಚಿದಳು. ಕೀಲುಗಳು ಸೋರದಂತೆ ಕೊಳಾಯಿಯವರು ಅಲ್ಲಿ ನೂಲು ಸುತ್ತುವುದುಂಟು, ಇಲ್ಲೂ ಸುತ್ತಿತ್ತು. ಉಗುರಿನಿಂದ ಬಿಡಿಸಿದಳು. ಬಿಳಿ ನೂಲಿನ ಎಳೆ ಎಳೆಗೂ ಕಪ್ಪಗೆ, ಮೆತ್ತಗೆ ಮತ್ತೊಂದು ಎಳೆ ಹೆಣೆದುಕೊಂಡಿತ್ತು. ಮಗುವಿನ ಕೂದಲು. ಎಷ್ಟೋ ವರ್ಷ ನೀರಿನಲ್ಲಿದ್ದರೂ ಕೊಳೆಯದ ಕೂದಲು. ಅವಳು ಎಳೆದಷ್ಟೂ ಕೊಳವೆಯ ಕತ್ತಲೊಳಗಿನಿಂದ ಅದು ಬರುತ್ತಲೇ ಇತ್ತು.

ಅದನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟಾಗ ಮೇಲ್ವಿಚಾರಕರು ಕುರ್ಚಿ ಸಮೇತ ಗೋಡೆಯವರೆಗೆ ಹಿಂದೆ ಸರಿದರು.

"ಇಲ್ಲಿಗ್ಯಾಕೆ ತಂದ್ರಿ! ತಗೊಂಡು ಹೋಗಿ!"

"ಈ ನೂಲು ಎಲ್ಲೀದು ಸರ್?"

"ಊರಿನ ಪ್ರತಿ ಕೀಲಲ್ಲೂ ಅದೇ ಇರೋದು. ಎಷ್ಟು ಅಗೀತೀರಿ? ಅಗೆಯೋಕೆ ಹೋದೋರ ಮನೇಲೂ ಮಕ್ಕಳಿದ್ರು." ಅವರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಮಾತಾಡುತ್ತಿದ್ದರು. "ಮಾಟ ಮಾಡಿಸಿದೋಳ ಕಾಲು ಹಿಡೀರಿ, ಹೋಗಿ. ಪದವಿ ಗಿದವಿ ಎಲ್ಲಾ ಆಚೆಗಿಟ್ಟು ಹೋಗಿ."

ನೂಲಿನ ಅಂಗಡಿಯ ಹಿಂಭಾಗದಲ್ಲಿ ಒಂದು ಇಕ್ಕಟ್ಟಾದ ಕೋಣೆ. ಬಣ್ಣ ಬಣ್ಣದ ಉಂಡೆಗಳ ನಡುವೆ ಗೋಡೆಗೆ ಒಂದು ಹಳೆಯ ಹಿತ್ತಾಳೆ ನಲ್ಲಿ. ಮುದುಕಿ ಅದಕ್ಕೆ ಕಿವಿಯಾನಿಸಿ, ಕಣ್ಣು ಮುಚ್ಚಿ ಕುಳಿತಿದ್ದಳು. ಪರೀಕ್ಷಕಿ ಕಾಲಿಗೆ ಬಿದ್ದರೂ ಅವಳು ಕಿವಿ ತೆಗೆಯಲಿಲ್ಲ.

"ಶ್... ಕುಡೀತಿದಾನೆ. ಎಷ್ಟು ವರ್ಷ ಆಯ್ತು, ಈ ಸದ್ದು ಕೇಳಿ."

"ಅಜ್ಜೀ, ನನ್ನ ಮಗು ಸಾಯ್ತಿದೆ."

"ನನ್ನದೂ ಸತ್ತಿತ್ತು." ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಭಯಂಕರವಾಗಿತ್ತು. "ಏಳು ವರ್ಷದೋನು. ವಾಂತಿ, ಭೇದಿ, ಜ್ವರ. ಅಮ್ಮಾ ನೀರು, ಅಮ್ಮಾ ನೀರು, ಅದೊಂದೇ ಮಾತು. ಕೊಡಲೋ ಬೇಡವೋ ಅಂತ ನಿಮ್ಮಂಥೋರನ್ನೇ ಕರೆಸಿ ಕೇಳಿದೆ. ಬಂದ. ನಲ್ಲಿ ಬಾಯಿ ಸುಟ್ಟ. ಶೀಶೆ ತುಂಬ್ಕೊಂಡ. ನೀರು ಚೆನ್ನಾಗಿದೆ, ಕೊಡಿ ಅಂದ. ಬಾಯಲ್ಲಿದ್ದ ವಿಷ ಸುಟ್ಟುಬಿಟ್ಟು ಆಮೇಲೆ ನೋಡಿದ್ರೆ ಚೆನ್ನಾಗಿರದೆ ಇನ್ನೇನಮ್ಮ? ನಾನು ಸುಡದ ನಲ್ಲೀಲಿ ಹಿಡಿದು ಹಿಡಿದು ಕೊಟ್ಟೆ. ಚಮಚ ಚಮಚವಾಗಿ. ಈ ಕೈಯಲ್ಲೇ."

ಅವಳು ಆ ಕೈಯನ್ನು ನೋಡಿಕೊಂಡಳು.

"ಕೊಳಾಯಿ ಕಚೇರಿಗೆ ನೂಲು ಕೊಡ್ತಿದ್ದೋಳು ನಾನೇ. ಅವನ ಕೂದಲು ಕೂಡಿಸಿ ನೂತು, ಮಾಟಗಾರನ ಹತ್ರ ಕಟ್ಟು ಹಾಕ್ಸಿ ಕೊಟ್ಟೆ. ಯಾವ ಬಾಯಿ ಆ ಮಾತಾಡುತ್ತೋ, ಆ ಮನೇಲಿ ಹೋಗಿ ಕುಡಿ ಮಗನೇ ಅಂದೆ. ಹೇಳಿದ ಮಾತು ಕೇಳೋ ಮಗು ಅವನು."

"ಸಾಕು ಅನ್ನಿ. ಕುಡೀಬೇಡ ಅನ್ನಿ. ನೀವು ಹೇಳಿದ್ರೆ ಕೇಳ್ತಾನೆ."

"ಕೇಳ್ತಾನೆ. ತಾಯಿ ಬೇಡ ಅಂದ್ರೆ ನಿಲ್ಲಿಸ್ತಾನೆ." ಮುದುಕಿ ಮೊದಲ ಸಲ ಕಣ್ಣು ತೆರೆದು ಅವಳನ್ನು ನೋಡಿದಳು. "ಆದ್ರೆ ನಿಲ್ಲಿಸಿಬಿಟ್ರೆ ನಂಗೆ ಅವನ ಸದ್ದು ಇನ್ನೆಲ್ಲಿ ಕೇಳುತ್ತೆ?"

ಮತ್ತೆ ಕಿವಿಯನ್ನು ನಲ್ಲಿಗೆ ಆನಿಸಿದಳು.

ಪರೀಕ್ಷಕಿ ಓಡಿದಳು. ನಡುಹಗಲು, ಆದರೂ ಮೋಡ ಕವಿದು ಬೀದಿಯ ಮೇಲೆ ಬೂದಿ ಚೆಲ್ಲಿದಂತಿತ್ತು. ಮನೆಯಲ್ಲಿ ವಿದ್ಯುತ್ ಇರಲಿಲ್ಲ. ಹೊಸ್ತಿಲು ದಾಟುತ್ತಲೇ ಕಾಲಿನಡಿ ನೀರು ಚಪ್ಪರಿಸಿತು. ಗಂಡ ಹಿಂದಿನ ಕತ್ತಲೆಕೋಣೆಯ ಬಾಗಿಲನ್ನು ಭುಜದಿಂದ ಗುದ್ದುತ್ತಿದ್ದ. ಅವನ ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಕೈಯಿಂದ ಜಾರಿಹೋದ್ಲು! ಮೀನಿನ ಹಾಗೆ ಜಾರಿಹೋದ್ಲು! ಬಾಗಿಲು ಒಳಗಿಂದ ಹಾಕಿದೆ!"

"ಸಂಪಿಗೆ ಬೀಗ ಇದೆ," ಎಂದಳು ಅವಳು. ಬೀಗದ ಕೈ ಚೀಲದಲ್ಲಿತ್ತು. ಮುಟ್ಟಿ ನೋಡಿಕೊಂಡಳು. ಇತ್ತು.

ಇಬ್ಬರೂ ಒಟ್ಟಿಗೆ ಗುದ್ದಿದರು. ಬಾಗಿಲು ಒಡೆಯಿತು. ಗಂಡ ಒದ್ದೆ ನೆಲದಲ್ಲಿ ಜಾರಿ ಬಿದ್ದ. ಅವಳು ದಾಟಿಕೊಂಡು ಒಳಹೊಕ್ಕಳು.

ಕತ್ತಲು. ಸುಟ್ಟ ಕೂದಲಿನ ವಾಸನೆ. ಗುಟುಕು. ಗುಟುಕು. ಗುಟುಕು.

ಬೀಗ ಹಾಕಿದ್ದಂತೆಯೇ ಇತ್ತು. ಮುಚ್ಚಳ ಮಾತ್ರ ಪಕ್ಕಕ್ಕೆ ಬಿದ್ದಿತ್ತು. ಸಂಪಿನ ಅಂಚಿನಲ್ಲಿ ಎರಡು ಪುಟ್ಟ ಪಾದಗಳು. ಉಳಿದ ಮೈಯೆಲ್ಲ ಒಳಗೆ, ತಲೆಕೆಳಗಾಗಿ. ಅವಳು ಬಿದ್ದು ಹಿಡಿದಳು. ಹಿಮ್ಮಡಿ ಸಿಕ್ಕಿತು. ತಣ್ಣಗೆ. ಎಳೆದಳು. ಬರಲಿಲ್ಲ. ಒಂದು ಮಗುವಿನ ಭಾರವಲ್ಲ ಅದು. ಇಬ್ಬರ ಭಾರ. ಕತ್ತಲಿಗೆ ಮುಖ ತಗ್ಗಿಸಿದಳು. ನೀರಿನ ಮೇಲೆ ಗುಬ್ಬಿಯ ಮುಖ. ಅದರ ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ಇನ್ನೊಂದು ಮುಖ. ಕುಡಿಯುತ್ತಿತ್ತು. ಎರಡೂ ಕುಡಿಯುತ್ತಿದ್ದವು.

"ಬಿಡೋ!" ಎಂದು ಚೀರಿದಳು. ಬಿಡಲಿಲ್ಲ. "ಸಾಕು!" ಎಂದಳು. ಕೇಳಲಿಲ್ಲ. ಹಿಮ್ಮಡಿ ಬೆರಳುಗಳ ನಡುವಿನಿಂದ ಜಾರತೊಡಗಿತು.

ಆಗ ಅವಳು ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ, ಯಾವ ಔಷಧದ ಹನಿಯೂ ಇಲ್ಲದೆ, ನೀರಿನ ಬಗ್ಗೆ ತೀರ್ಪು ಹೇಳಿದಳು.

"ನೀರು ಚೆನ್ನಾಗಿಲ್ಲ."

ಗುಟುಕು ನಿಂತಿತು.

"ಚೆನ್ನಾಗಿದೆ ಅಂದ್ರಲ್ಲ?" ಎಂದಿತು ಕತ್ತಲು. ಅನುಮಾನದಿಂದ. ಆಸೆಯಿಂದ.

"ತಪ್ಪು ಹೇಳಿದ್ವಿ. ನಾವೆಲ್ಲಾ ತಪ್ಪು ಹೇಳಿದ್ವಿ. ನಲ್ಲಿ ಬಾಯಿ ಸುಟ್ಟು ನೋಡಿ ಹೇಳಿದ್ವಿ. ಈ ನೀರು ನಿಂಗಾಗಲ್ಲ. ಕುಡೀಬೇಡ ಕಂದಾ."

"ಬಾಯಾರಿಕೆ."

"ಗೊತ್ತು."

"ಯಾವಾಗ ಚೆನ್ನಾಗಾಗುತ್ತೆ?"

ಹಿಮ್ಮಡಿ ಜಾರುತ್ತಿತ್ತು. ಯೋಚಿಸಲು ಹೊತ್ತಿರಲಿಲ್ಲ. ಬೀದಿ ಬೀದಿಯಲ್ಲಿ, ಮನೆ ಮನೆಯಲ್ಲಿ ದೂರು ಹೇಳುವವರಿಗೆ ಅವಳು ಯಾವಾಗಲೂ ಕೊಡುತ್ತಿದ್ದ ಉತ್ತರವೇ ಬಾಯಿಗೆ ಬಂತು.

"ಆದಾಗ ನಾನೇ ಹೇಳ್ತೀನಿ."

"ನೀನೇ ಹೇಳ್ಬೇಕು," ಎಂದಿತು ಕತ್ತಲು. ಆಮೇಲೆ, ತುಂಬ ಮೆಲ್ಲಗೆ, "ಅಮ್ಮಾ."

ಭಾರ ಬಿಟ್ಟಿತು. ಗುಬ್ಬಿ ಮೇಲೆ ಬಂದಳು. ನೆಲದ ಮೇಲೆ ಮಗುಚಿ ಮಲಗಿಸಿದಾಗ ಬಾಯಿಂದ, ಮೂಗಿಂದ ನೀರು ಸುರಿಯಿತು, ಬಳಿಕ ಅಳು. ಅವಳದೇ ದನಿಯ, ಸೀಳು ಸೀಳಾದ, ಜೀವಂತ ಅಳು.

ಮಗು ಉಳಿಯಿತು. ಊತ ಇಳಿಯಿತು. ಲೋಟದ ಅಂಚಿನಿಂದ ಮತ್ತೆ ಹನಿ ಹನಿಯಾಗಿ ಹೀರತೊಡಗಿದಳು. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟ ಹೊತ್ತಿಗೆ, ತಾಯಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತ "ನೋವಾಯ್ತಾ ಕಂದಾ?" ಎಂದಳು. ಅಡುಗೆಮನೆಯ ನಲ್ಲಿ ಧಡಾರನೆ ತೆರೆದುಕೊಂಡಿತು. ಗುಬ್ಬಿಯ ಗಂಟಲು, ಅವಳಿಗೇ ತಿಳಿಯದಂತೆ, ಒಂದು ಗುಟುಕು ನುಂಗಿತು.

ಆ ಸಂಜೆಯೇ ಊರು ಬಿಟ್ಟರು. ದೂರದ ಪಟ್ಟಣದ ವಸತಿಗೃಹದಲ್ಲಿ ಇಳಿದರೆ ಅಲ್ಲಿಯ ನಲ್ಲಿಗಳೂ ತೆರೆದುಕೊಂಡವು. ತಾಯಿ ಎದ್ದು ಬೀದಿಗೆ ಬಂದು ನಿಂತಾಗ ಮುಚ್ಚಿಕೊಂಡವು. ಒಳಗೆ ಹೋದಾಗ ಮತ್ತೆ ತೆರೆದವು. ಅವಳು ಪರೀಕ್ಷಕಿ, ಎರಡು ಸಲ ನೋಡಿದ ಮೇಲೆ ಮೂರನೆಯ ಸಲ ನೋಡುವ ಅಗತ್ಯ ಬೀಳಲಿಲ್ಲ. ಆ ಹುಡುಗ ಈಗ ಇದ್ದುದು ಊರಿನ ಕೊಳವೆಯಲ್ಲಲ್ಲ. ತನಗೆ ಕುಡೀಬೇಡ ಎಂದು ಹೇಳಿದ ತಾಯಿಯ ಜೊತೆಗೆ. ಆ ತಾಯಿಯ ಮಡಿಲಲ್ಲಿ ಇನ್ನೊಂದು ಮಗು ಕೂರುವುದನ್ನು ಅವನು ಸಹಿಸುತ್ತಿರಲಿಲ್ಲ.

"ನೀವಿಬ್ರೂ ಹೋಗಿ," ಎಂದಳು ಗಂಡನಿಗೆ. "ನಿನ್ನ ಅಕ್ಕನ ಮನೆಗೆ. ವಿಳಾಸ ನಂಗೆ ಬರೀಬೇಡ, ಗುಬ್ಬಿ ಕೈಲಿ ಫೋನ್ ಮಾಡಿಸ್ಬೇಡ."

"ಎಷ್ಟು ದಿನ?"

ಅವಳು ಗುಬ್ಬಿಯ ಬಟ್ಟೆಯ ಚೀಲವನ್ನು ಅವನ ಕೈಗಿತ್ತಳು. ತಮಾಷೆಯ ಮನುಷ್ಯ ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿದ. ಬಸ್ಸಿನ ಕಿಟಕಿಯಿಂದ ಗುಬ್ಬಿ ಕೈ ಚಾಚಿ ಕೂಗಿದಳು, "ಅಮ್ಮಾ, ನೀನೂ ಬಾ! ಅಮ್ಮಾ, ನನ್ನ ಮೇಲೆ ಕೋಪಾನಾ?" ತಾಯಿ ತುಟಿ ಬಿಗಿಹಿಡಿದು, ಮುಖವನ್ನು ಕಲ್ಲು ಮಾಡಿಕೊಂಡು, ಮಗಳಿಗೆ ಬೆನ್ನು ತಿರುಗಿಸಿದಳು. ಬಸ್ಸು ಹೋಯಿತು.

ಅವಳು ಆ ಊರಿಗೇ ಹಿಂದಿರುಗಿದಳು. ಬಾಗಿಲಲ್ಲಿ ನೂಲಜ್ಜಿ ಕಾಯುತ್ತ ಕುಳಿತಿದ್ದಳು. ಕೂದಲು ಕೆದರಿತ್ತು, ನಲ್ಲಿಗೆ ಒತ್ತಿ ಒತ್ತಿ ಕಿವಿ ಕೆಂಪಾಗಿತ್ತು.

"ನಂಗೆ ಏನೂ ಕೇಳಿಸ್ತಿಲ್ಲಮ್ಮ. ಒಂದ್ಸಲ ಅವನನ್ನ ಮಾತಾಡ್ಸು. ಬಾಗಿಲ ಹೊರಗೇ ಕೂತು ಕೇಳ್ತೀನಿ."

ಪರೀಕ್ಷಕಿಗೆ ಅವಳನ್ನು ಬೈಯಬೇಕೆನಿಸಲಿಲ್ಲ, ಸಂತೈಸಬೇಕೆಂದೂ ಅನಿಸಲಿಲ್ಲ. ಸುಮ್ಮನೆ ಒಳಗೆ ಹೋಗಿ ಅಗುಳಿ ಹಾಕಿದಳು. ಖಾಲಿ ಮನೆ. ಅರ್ಧ ಬರೆದ ಚಿತ್ರವೊಂದು ಗಾಳಿಗೆ ಪಟಪಟಿಸುತ್ತಿತ್ತು. ಅಡುಗೆಮನೆಯಲ್ಲಿ ನಲ್ಲಿ ಒಮ್ಮೆ ಕೆಮ್ಮಿತು.

"ಅಮ್ಮಾ, ಈಗ ಚೆನ್ನಾಗಿದೆಯಾ?"

ಅವಳು ನಲ್ಲಿಯ ಪಕ್ಕದಲ್ಲಿ, ಒದ್ದೆ ನೆಲದ ಮೇಲೆ, ಗೋಡೆಗೊರಗಿ ಕುಳಿತಳು. ಮಗ್ಗುಲಲ್ಲಿ ಯಾರೋ ಮೈ ಒತ್ತಿ ಕುಳಿತ ತಂಪು. ನಿದ್ದೆ ಬರುತ್ತಿತ್ತು, ನಿದ್ದೆಗಣ್ಣಿನಲ್ಲಿ ತಪ್ಪಿ ಹೂಂ ಅಂದೇನೆಂಬ ಭಯ ಆ ನಿದ್ದೆಯನ್ನು ಕಚ್ಚಿ ಎಬ್ಬಿಸುತ್ತಿತ್ತು.

"ಇನ್ನೂ ಇಲ್ಲ, ಕಂದಾ," ಎಂದಳು.